ಒಬ್ಬರೇ ಇರುವವರ ಅಡುಗೆ ಪ್ರಯೋಗ: ಏನೇನು ಮಾಡ್ತೀರಿ, ಹೇಗೆ ಮುಗಿಸ್ತೀರಿ?

ಒಂಟಿಒಲೆ
ಬೆಂಗಳೂರಲ್ಲಿ ಒಬ್ಬನೇ ಇದ್ದೇನೆ, ಸಣ್ಣ ಬಾಡಿಗೆ ಮನೆ. ವಾರವಿಡೀ ಅನ್ನ, ತಿಳಿಸಾರು, ಮೊಟ್ಟೆ, ಅಷ್ಟೇ. ಶನಿವಾರ ಬಂದರೆ ಮಾತ್ರ ಕೈ ಸುಮ್ಮನಿರಲ್ಲ, ಇದುವರೆಗೆ ಮಾಡದ ಏನಾದರೊಂದು ಮಾಡಲೇಬೇಕು. ಸದ್ಯಕ್ಕೆ ಟೋರ್ಟಿಯಾ, ಅಂದರೆ ಮೆಕ್ಸಿಕೋ ಕಡೆಯ ಮೆಕ್ಕೆಜೋಳದ ರೊಟ್ಟಿಯ ಹುಚ್ಚು ಹಿಡಿದಿದೆ. ಅಂಗಡಿ ಹಿಟ್ಟಿನದ್ದಲ್ಲ. ಒಣ ಮೆಕ್ಕೆಜೋಳಕ್ಕೆ ಸುಣ್ಣ ಹಾಕಿ ಬೇಯಿಸಿ, ರಾತ್ರಿಯಿಡೀ ಹಾಗೇ ನೆನೆಯಲು ಬಿಟ್ಟು, ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ ಮಾಡುವಂಥದ್ದು. ಬೆಳಗ್ಗೆ ಮುಚ್ಚಳ ತೆಗೆದರೆ ನೀರು ಪೂರ್ತಿ ಹಳದಿ. ಒಂದು ಕಾಳು ಹಿಸುಕಿದರೆ ಸಿಪ್ಪೆ ಲೋಳೆಯಾಗಿ ಬೆರಳಿಗೆ ಅಂಟಿಕೊಂಡು ಬರುತ್ತೆ. ಮೊದಲ ಮಳೆ ಬಿದ್ದ ಮಣ್ಣಿನಂಥ ಒಂದು ವಾಸನೆ ಬೇರೆ.

ತೊಂದರೆ ಎರಡು. ಒಂದು, ಯಾರಿಗೆ ಹೇಳಿದರೂ "ಒಬ್ಬನ ಹೊಟ್ಟೆಗೆ ಇಷ್ಟೆಲ್ಲ ಯಾಕೋ, ಆರ್ಡರ್ ಮಾಡಬಾರ್ದಾ" ಅಂತಾರೆ. ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ಎರಡನೆಯದು ನಿಜವಾದ ತಲೆನೋವು, ಅಳತೆ. ಯಾವ ರೆಸಿಪಿ ನೋಡಿದರೂ ನಾಲ್ಕು ಜನಕ್ಕೆ, ಆರು ಜನಕ್ಕೆ. ಕಾಲು ಭಾಗ ಮಾಡಲು ಹೋದರೆ ಮಸಾಲೆ ಮಿಕ್ಸಿಯ ಬ್ಲೇಡಿಗೇ ಸಿಗಲ್ಲ, ಜಾರಿನ ಗೋಡೆಗೆ ಮೆತ್ತಿಕೊಂಡು ಕೂರುತ್ತೆ. ಪೂರ್ತಿ ಮಾಡಿದರೆ ಬುಧವಾರದವರೆಗೆ ಅದನ್ನೇ ತಿನ್ನಬೇಕು. ಒಬ್ಬರೇ ಇದ್ದು ಹೀಗೆ ಹೊಸ ಹೊಸದು ಮಾಡುವವರು ಇಲ್ಲಿ ಯಾರ್ಯಾರಿದ್ದೀರಿ? ಏನು ಮಾಡ್ತೀರಿ, ಮಾಡಿದ್ದನ್ನು ಹೇಗೆ ಮುಗಿಸ್ತೀರಿ?

ಗಡಿಬಿಡಿ_ಗೌಡ
ಬುಧವಾರ ಅಷ್ಟೇನಾ? ನಮ್ಮನೇಲಿ ಭಾನುವಾರದ ಸಾಂಬಾರಿಗೆ ಶುಕ್ರವಾರದವರೆಗೂ ಆಯಸ್ಸು.

ಅಡಿಕೆತೋಟದಾಕೆ
ನಾನು ನಿಮಗಿಂತ ಎಷ್ಟೋ ದೊಡ್ಡವಳು, ಆದರೂ ಬರೆಯುತ್ತೇನೆ. ಮನೆಯವರು ಹೋಗಿ ಕೆಲವು ವರ್ಷ ಆಯಿತು, ಮಗಳು ಪುಣೆಯಲ್ಲಿ. ಸಾಗರದ ಹತ್ತಿರ ತೋಟದ ಮನೆಯಲ್ಲಿ ನಾನೊಬ್ಬಳೇ. ಮದುವೆಯಾದಾಗಿನಿಂದ ಅಡುಗೆ ಮಾಡಿದವಳೇ, ಆದರೆ ಅದರಲ್ಲಿ ನನಗೆ ಬೇಕಾದದ್ದು ಯಾವುದಿತ್ತು? ಅತ್ತೆಗೆ ಬೆಳ್ಳುಳ್ಳಿ ಆಗುತ್ತಿರಲಿಲ್ಲ, ಮನೆಯವರಿಗೆ ಖಾರ ಆಗುತ್ತಿರಲಿಲ್ಲ, ಮಗಳಿಗೆ ಹಾಗಲ ಆಗುತ್ತಿರಲಿಲ್ಲ. ಎಲ್ಲರಿಗೂ ಆಗುವುದು ಅಂತ ಉಳಿದದ್ದು ತಿಳಿಸಾರೊಂದೇ. ಈಗ ನನ್ನ ನಾಲಿಗೆಗೆ ಏನು ಬೇಕು ಅಂತ ನಾನೇ ಹುಡುಕುತ್ತಿದ್ದೇನೆ ಮಾರಾಯ್ರೆ.

ಮೊದಲು ಕೈ ಹಾಕಿದ್ದೇ ಬೆಳ್ಳುಳ್ಳಿಗೆ. ಗಡ್ಡೆಗಟ್ಟಲೆ ಸುಲಿದು, ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ, ಎಣ್ಣೆ ಸಮೇತ ಬಾಟಲಿಗೆ ತುಂಬಿದ್ದೇನೆ. ಬಿಸಿ ಅನ್ನಕ್ಕೆ ನಾಲ್ಕು ಎಸಳು ಹಿಸುಕಿ ಉಪ್ಪು ಹಾಕಿಕೊಂಡರೆ ಬೇರೇನೂ ಬೇಡ. ಒಬ್ಬನ ಹೊಟ್ಟೆಗೆ ಯಾಕೆ ಅನ್ನುವವರಿಗೆ ಹೇಳಿ, ಒಬ್ಬರ ಹೊಟ್ಟೆಯೂ ಹೊಟ್ಟೆಯೇ.

ಲ್ಯಾಬ್_ಹುಡುಗಿ
ಅಮ್ಮ, ಆ ಬಾಟಲಿ ಈಗ ಎಲ್ಲಿದೆ? ಫ್ರಿಜ್ಜಿನಲ್ಲಾ, ಹೊರಗಾ? ಹೆದರಿಸೋಕೆ ಹೇಳುತ್ತಿಲ್ಲ, ಆಹಾರ ಸೂಕ್ಷ್ಮಜೀವಿಗಳ ಬಗ್ಗೆಯೇ ನನ್ನ ಕೆಲಸ. ಬೆಳ್ಳುಳ್ಳಿಗೆ ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕ ಅಂಟಿರಬಹುದು. ಕುದಿಸಿದರೂ ಅದು ಸಾಯಲ್ಲ. ಎಣ್ಣೆಯೊಳಗೆ ಗಾಳಿ ಇಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ, ಅದಕ್ಕೆ ಬೇಕಾದ್ದೂ ಅದೇ. ಹೊರಗಿಟ್ಟರೆ ಬೆಳೆದು ವಿಷ ಬಿಡುತ್ತೆ. ವಾಸನೆ ಬರಲ್ಲ, ಬಣ್ಣ ಬದಲಾಗಲ್ಲ, ಗೊತ್ತೇ ಆಗಲ್ಲ. ಸ್ವಲ್ಪ ಮಾಡಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ, ಇಲ್ಲವೇ ಫ್ರೀಜರಿಗೆ ಹಾಕಿ.

ಅಡಿಕೆತೋಟದಾಕೆ
ಫ್ರಿಜ್ಜಿನಲ್ಲೇ ಇದೆ, ಆದರೆ ವಾರ ದಾಟಿದೆ. ಸರಿ, ಚೆಲ್ಲುತ್ತೇನೆ. ಆದರೆ ಒಂದು ಹೇಳು ಮಾರಾಯ್ತಿ, ಹಾಗಾದರೆ ನಮ್ಮ ಉಪ್ಪಿನಕಾಯಿ ಜಾಡಿ ಅಟ್ಟದ ಮೇಲೆ ವರ್ಷ ಕೂತರೂ ಏನೂ ಆಗಲ್ಲವಲ್ಲ?

ಲ್ಯಾಬ್_ಹುಡುಗಿ
ಅದರಲ್ಲಿ ಉಪ್ಪು ಇದೆ, ಹುಳಿ ಇದೆ. ಹುಳಿ ಅಳೆಯುವ ಲೆಕ್ಕ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ತಲೆ ಎತ್ತಲ್ಲ. ಮಾವಿನಮಿಡಿ, ನಿಂಬೆ ಎಲ್ಲ ಅದಕ್ಕಿಂತ ಎಷ್ಟೋ ಹುಳಿ. ಬರೀ ಬೆಳ್ಳುಳ್ಳಿ ಬರೀ ಎಣ್ಣೆ, ಅದೇ ಸಮಸ್ಯೆ. ನಿಂಬೆರಸ, ಉಪ್ಪು ಸರಿಯಾಗಿ ಹಾಕಿದ ಬೆಳ್ಳುಳ್ಳಿ ಉಪ್ಪಿನಕಾಯಿ ಮಾಡಿ, ಧಾರಾಳವಾಗಿ ತಿನ್ನಿ.

ಹಳೇಪೇಟೆ
ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ನಮ್ಮದೇ ಬಸ್ಸಾರು, ಮಸೊಪ್ಪು, ಉಪ್ಪುಸಾರು, ತಂಬುಳಿ ಇಷ್ಟೆಲ್ಲ ಇರುವಾಗ ಈ ಟೋರ್ಟಿಯಾ ಗೀರ್ಟಿಯಾ ಯಾಕೆ? ನೆಟ್ಟಗೆ ಒಂದು ಬಸ್ಸಾರು ಮಾಡೋಕೆ ಬರಲ್ಲ, ಮೆಕ್ಸಿಕೋ ಬೇಕು.

ಒಂಟಿಒಲೆ
ಬಸ್ಸಾರು ಬರುತ್ತೆ ಸಾರ್. ಅದಕ್ಕೇ ಮುಂದಿನದ್ದಕ್ಕೆ ಹೋಗಿದ್ದು.

ನಿವೃತ್ತ_ಮೇಷ್ಟ್ರು
ಹಳೇಪೇಟೆಯವರೇ, ಬಸ್ಸಾರಿಗೆ ಹಾಕುವ ಒಣಮೆಣಸಿನಕಾಯಿ ಎಲ್ಲಿಂದ ಬಂತು? ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದದ್ದು. ಅದಕ್ಕೆ ಮೊದಲು ನಮಗಿದ್ದ ಖಾರ ಕಾಳುಮೆಣಸು, ಶುಂಠಿ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಈ ಮೆಕ್ಕೆಜೋಳ ಎಲ್ಲವೂ ಅದೇ ಕಡೆಯವು. ರಾಗಿ ಇನ್ನೂ ಹಿಂದೆ ಆಫ್ರಿಕಾದಿಂದ ಬಂದದ್ದು. ಪಟ್ಟಿಯಿಂದ ಇವನ್ನೆಲ್ಲ ತೆಗೆದರೆ ನಿಮ್ಮ ಮಂಡ್ಯದ ಊಟದಲ್ಲಿ ಏನುಳಿಯಿತು ನೋಡಿ.

ಪ್ರಯೋಗದ ಚಪಲವೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅಡುಗೆಗೇ ಒಂದು ಭಾಗ ಇದೆ. ಇಡ್ಲಿಯ ಹಳೆಯ ರೂಪವಾದ ಬರೀ ಉದ್ದಿನ ಇಡ್ಡರಿಕೆಯಿಂದ ಹಿಡಿದು ಹೊಲದ ಇಲಿ ಸುಡುವ ಕ್ರಮದವರೆಗೆ ಎಲ್ಲ ಬರೆದಿದ್ದಾನೆ. ಅವನ ಮುಂದೆ ಈ ಹುಡುಗನ ಟೋರ್ಟಿಯಾ ತುಂಬ ಸಾಧು.

ಗಡಿಬಿಡಿ_ಗೌಡ
ಸಾರ್ ಇಲಿ ವಿಷಯ ಊಟದ ಹೊತ್ತಿಗೆ ಬೇಕಿತ್ತಾ

ಹಳೇಪೇಟೆ
ಒಪ್ಪಿದೆ ಮೇಷ್ಟ್ರೇ, ಇಲಿ ಬಿಟ್ಟು. ಆದರೂ ಒಂದು ತಕರಾರು ಇದ್ದೇ ಇದೆ. ಹೊರಗಿನದ್ದು ಮಾಡಿದಾಗ ಫೋಟೋ ಹಾಕ್ತಾರೆ, ಉಪ್ಪುಸಾರು ಮಾಡಿದಾಗ ಯಾರೂ ಹಾಕಲ್ಲ. ಅದು ನನಗೆ ಕಿರಿಕಿರಿ.

ಧಾರವಾಡದಾಕೆ
ಒಂಟಿಒಲೆಯವರೇ, ಒಂದು ತಿಳಿಯಲಿಲ್ಲ ನೋಡ್ರಿ. ಮೆಕ್ಕೆಜೋಳಕ್ಕೆ ಸುಣ್ಣ ಯಾಕೆ ಬೇಕು? ನಾವು ಜೋಳದ ಹಿಟ್ಟಿಗೆ ಎಸರು ಕುದಿಸಿ ಹಾಕಿ, ನಾದಿ ನಾದಿ ರೊಟ್ಟಿ ಬಡಿಯುತ್ತೇವೆ. ಹಿಟ್ಟು ಹೊಸದಾಗಿದ್ದರೆ, ಕುದಿಯುವ ನೀರು ಬಿದ್ದರೆ, ಜಿಗಿ ತಾನಾಗೇ ಬರುತ್ತದೆ. ಹಳೇ ಹಿಟ್ಟಾದರೆ ಅಂಚು ಒಡೆಯುತ್ತದೆ, ಅಷ್ಟೇ. ಅಂದಹಾಗೆ ಒಬ್ಬರಿಗೆ ರೊಟ್ಟಿಯಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಒಂದೇ ರೊಟ್ಟಿಗೆ ಬೇಕಾದಷ್ಟು ಹಿಟ್ಟು ಕಲಸಬಹುದು. ಡಬ್ಬಿಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ, ಮೊಸರು ಇದ್ದರೆ ಊಟ ಆಯಿತು. ಅಳತೆ ತಲೆನೋವು ದಕ್ಷಿಣದವರದ್ದು ಅನಿಸುತ್ತದೆ.

ಒಂಟಿಒಲೆ
ಅಕ್ಕ, ಬಿಸಿನೀರಲ್ಲಿ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿಯೂ ಆಗುತ್ತೆ, ಆದರೆ ತಣ್ಣಗಾದ ಮೇಲೆ ಮಡಚಿದರೆ ಮುರಿಯುತ್ತೆ. ಸುಣ್ಣದಲ್ಲಿ ಬೆಂದ ಕಾಳಿನ ಸಿಪ್ಪೆ ಕರಗಿ ಹಿಟ್ಟಿಗೆ ಅಂಟು ಕೊಡುತ್ತೆ, ಹಾಗಾಗಿ ಮಡಚಿ ಪಲ್ಯ ತುಂಬಿಕೊಂಡು ತಿನ್ನಬಹುದು. ರುಚಿಯೂ ಬೇರೆ. ಅಳತೆ ಹೇಳ್ತೀನಿ: ಕಾಲು ಕೆಜಿ ಒಣ ಕಾಳಿಗೆ ಎರಡೂವರೆ ಗ್ರಾಂ ಸುಣ್ಣದ ಪುಡಿ, ಮೂರು ಪಟ್ಟು ನೀರು, ಮುಕ್ಕಾಲು ಗಂಟೆ ಸಣ್ಣ ಉರಿ, ಆಮೇಲೆ ಒಲೆ ಆರಿಸಿ ಬೆಳಗ್ಗೆವರೆಗೆ ಹಾಗೇ ಬಿಡುವುದು. ಸ್ವೀಟ್ ಕಾರ್ನ್ ನಡೆಯಲ್ಲ, ದಾವಣಗೆರೆ, ಹಾವೇರಿ ಕಡೆ ರಾಶಿ ಹಾಕುತ್ತಾರಲ್ಲ, ಆ ಗಟ್ಟಿ ಕಾಳೇ ಬೇಕು. ಕೋಳಿಗೆ ಹಾಕುವ ಕಾಳು ಅಂತ ಅಂಗಡಿಯವರು ನಗ್ತಾರೆ. ಬೇಳೆಕಾಳು ಅಂಗಡಿಯಲ್ಲಿ ತಿನ್ನೋಕೆ ಅಂತಲೇ ಕೇಳಿ ತಗೊಳ್ಳಿ, ಬಿತ್ತನೆಗೆ ಇಟ್ಟದ್ದಕ್ಕೆ ಔಷಧಿ ಹಚ್ಚಿರ್ತಾರೆ.

ಲ್ಯಾಬ್_ಹುಡುಗಿ
ಎರಡು ಮಾತು ಸೇರಿಸುತ್ತೇನೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಲೇಬೇಡಿ, ಸುಣ್ಣ ಅದನ್ನು ತಿನ್ನುತ್ತೆ. ಸ್ಟೀಲ್ ಇರಲಿ. ಎಲೆ ಅಡಿಕೆಗೆ ಸಿಗುವ ಬಣ್ಣದ, ಪರಿಮಳದ ಸುಣ್ಣವೂ ಬೇಡ, ಬಿಳಿ ತಿನ್ನುವ ಸುಣ್ಣ ತಗೊಳ್ಳಿ. ಅದು ಒದ್ದೆ ಇರುವುದರಿಂದ ತೂಕ ಸ್ವಲ್ಪ ಜಾಸ್ತಿ ಬೇಕಾಗುತ್ತೆ.

ಇನ್ನೊಂದು, ಈ ಸುಣ್ಣ ರುಚಿಗೆ ಮಾತ್ರ ಅಲ್ಲ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಅನ್ನುವ ವಿಟಮಿನ್ ಹಾಗೇ ತಿಂದರೆ ಮೈಗೆ ಸರಿಯಾಗಿ ಸಿಗಲ್ಲ, ಸುಣ್ಣ ಅದನ್ನು ಬಿಡಿಸಿಕೊಡುತ್ತೆ. ಮೆಕ್ಕೆಜೋಳವನ್ನು ಕೊಂಡುಹೋದ ಯುರೋಪಿನವರು ಸುಣ್ಣದ ಪದ್ಧತಿಯನ್ನು ಅಲ್ಲೇ ಬಿಟ್ಟು ಹೋದರು. ಇಟಲಿಯ ಉತ್ತರ ಭಾಗದಲ್ಲಿ ಅದನ್ನೇ ಮೂರು ಹೊತ್ತು ತಿಂದ ಬಡವರಿಗೆ ಪೆಲಾಗ್ರ ಕಾಯಿಲೆ ಬಂತು, ಚರ್ಮ ಸುಲಿದು ಬುದ್ಧಿ ಕೆಡುವ ಕಾಯಿಲೆ ಅದು. ನಾವು ಶನಿವಾರಕ್ಕೊಮ್ಮೆ ತಿನ್ನುವವರು ಹೆದರಬೇಕಿಲ್ಲ.

ಧಾರವಾಡದಾಕೆ
ಅಡ್ಡಿಯಿಲ್ಲ, ಈಗ ತಿಳಿಯಿತು. ಒಮ್ಮೆ ಮಾಡಿ ನೋಡುತ್ತೇನೆ. ಆದರೆ ಕೈಯಲ್ಲೇ ಬಡಿಯುತ್ತೇನೆ, ಟೋರ್ಟಿಯಾ ಒತ್ತುವ ಮಣೆ ನನಗೆ ಬೇಡ.

ತಕ್ಕಡಿ_ತಿಮ್ಮ
ಮೂಲ ಪ್ರಶ್ನೆಗೆ ಬರೋಣ. ಒಬ್ಬರ ಅಡುಗೆಗೆ ಮೊದಲು ಕೊಳ್ಳಬೇಕಾದ್ದು ಗ್ರಾಂ ತೋರಿಸುವ ಸಣ್ಣ ತಕ್ಕಡಿ. ಲೋಟ, ಚಮಚದ ಲೆಕ್ಕದಲ್ಲಿ ಕಾಲು ಭಾಗ ಮಾಡಲು ಆಗಲ್ಲ. ಅರ್ಧ ಮೊಟ್ಟೆ ಬೇಕು ಅಂದರೆ ಒಡೆದು ಕಲಸಿ ಅರ್ಧ ತೂಗಿ ಹಾಕಬಹುದು, ಉಳಿದರ್ಧ ಬೆಳಗ್ಗೆ ಆಮ್ಲೆಟ್.

ನೀರು ಮಾತ್ರ ಕಾಲು ಭಾಗ ಮಾಡಬೇಡಿ. ಇದನ್ನು ಯಾರೂ ಹೇಳಲ್ಲ. ನೀರು ಆವಿಯಾಗುವುದು ಪಾತ್ರೆಯ ಬಾಯಿ ಎಷ್ಟು ಅಗಲ ಇದೆ ಅನ್ನುವುದರ ಮೇಲೆ. ಸಾಮಾನು ಕಾಲು ಭಾಗ ಆದರೂ ಪಾತ್ರೆ ಅದೇ ಇದ್ದರೆ ಅಷ್ಟೇ ಆವಿ ಹೋಗುತ್ತೆ, ಪಲ್ಯ ತಳ ಹಿಡಿಯುತ್ತೆ. ಒಂದೋ ಸಣ್ಣ ಬಾಯಿಯ ಪಾತ್ರೆ, ಇಲ್ಲವೇ ಮುಚ್ಚಳ, ಮತ್ತೆ ನೀರು ಸ್ವಲ್ಪ ಮುಂದಾಗಿ. ಉಪ್ಪು ಹುಳಿ ಕೊನೆಯಲ್ಲಿ ರುಚಿ ನೋಡಿ ಹಾಕಿ.

ಮಿಕ್ಸಿ ವಿಷಯ: ಒಬ್ಬರ ಮಸಾಲೆ ಅರೆಯುವ ಆಸೆ ಬಿಡಿ. ನಾಲ್ಕು ಸಲಕ್ಕೆ ಆಗುವಷ್ಟು ನುಣ್ಣಗೆ ಅರೆದು ಐಸ್ ಟ್ರೇಗೆ ಹಾಕಿ, ಗಟ್ಟಿಯಾದ ಮೇಲೆ ಕವರಿಗೆ ತುಂಬಿ ಹೆಸರು, ತಾರೀಖು ಬರೆದಿಡಿ. ಬರೆಯದಿದ್ದರೆ ಕುರ್ಮಾ ಅಂದುಕೊಂಡು ಕರಗಿಸಿದ್ದು ಹಸಿರು ಚಟ್ನಿ ಆಗಿರುತ್ತೆ.

ನಿವೃತ್ತ_ಮೇಷ್ಟ್ರು
ನಾನೂ ಒಬ್ಬನೇ. ಒರಳುಕಲ್ಲು ಇದೆ, ಸಣ್ಣದು. ಎರಡು ಚಮಚ ಚಟ್ನಿಯಾದರೂ ಅದರಲ್ಲಿ ಆಗುತ್ತದೆ. ನಿಮ್ಮ ಮಿಕ್ಸಿಯಿಂದ ಸಾಧ್ಯವೇ?

ತಕ್ಕಡಿ_ತಿಮ್ಮ
ಸಾಧ್ಯ ಇಲ್ಲ ಸಾರ್. ಆದರೆ ಮೂರನೇ ಮಹಡಿಯಲ್ಲಿ ರಾತ್ರಿ ಹತ್ತು ಗಂಟೆಗೆ ಗುಂಡುಕಲ್ಲು ತಿರುಗಿಸಿದರೆ ಕೆಳಗಿನ ಮನೆಯವರು ಮೇಲೆ ಬರ್ತಾರೆ.

ಕರಾವಳಿ_ಕಾಯಿ
ತೆಂಗಿನಕಾಯಿ ಬಗ್ಗೆ ಯಾರೂ ಮಾತಾಡಲಿಲ್ಲ ಅಲ್ವಾ? ಒಬ್ಬರ ಮನೆಯಲ್ಲಿ ಒಡೆದ ಕಾಯಿ ಮುಗಿಯುವುದೇ ಇಲ್ಲ. ಕಣ್ಣು ಇರುವ ಹೋಳು ಮೊದಲು ಕೆಡುತ್ತದೆ, ಅದನ್ನು ಮೊದಲು ಬಳಸಿ. ಇನ್ನೊಂದನ್ನು ತುರಿದು ಫ್ರೀಜರಿಗೆ. ಡಬ್ಬಿಯಲ್ಲಿ ಒತ್ತಿ ತುಂಬಬೇಡಿ, ಕಲ್ಲಾಗುತ್ತದೆ. ಕವರಿನಲ್ಲಿ ತೆಳ್ಳಗೆ ಹರಡಿ ಮಲಗಿಸಿ ಇಟ್ಟರೆ ಬೇಕಾದಷ್ಟು ಮುರಿದು ತೆಗೆಯಬಹುದು. ನೀರ್‌ದೋಸೆಗೆ ಅದೇ ಸಾಕು. ನೀರ್‌ದೋಸೆ ಒಬ್ಬರಿಗೆ ಹೇಳಿ ಮಾಡಿಸಿದ್ದು ಮಾರಾಯ್ರೆ, ಹುಳಿ ಬರಿಸುವುದಿಲ್ಲ, ಉದ್ದು ಇಲ್ಲ, ಒಂದು ಲೋಟ ಅಕ್ಕಿ ನೆನೆಹಾಕಿದರೆ ಆಯಿತು.

ಪೀಜಿ_ಪ್ರಜೆ
ನಿಮಗೆಲ್ಲ ಅಡುಗೆಮನೆಯಾದರೂ ಇದೆ. ನಮ್ಮ ಪೀಜಿಯಲ್ಲಿ ಇಂಡಕ್ಷನ್ ಕಂಡರೆ ಓನರ್ ಆಂಟಿ ಕಿತ್ಕೊಂಡು ಹೋಗ್ತಾರೆ. ಬೆಂಕಿ ಇಲ್ಲದೆ ಏನಾದರೂ ಸಾಹಸ ಇದೆಯಾ?

ಅಡಿಕೆತೋಟದಾಕೆ
ತಂಬುಳಿ ಮಾಡಪ್ಪ. ಒಂದೆಲಗ, ಜೀರಿಗೆ, ಕಾಯಿ ಅರೆದು ಮಜ್ಜಿಗೆಗೆ ಕಲಸಿದರೆ ಆಯಿತು, ಒಲೆಯೇ ಬೇಡ. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ, ಆದರೆ ಅದನ್ನು ತುಪ್ಪದಲ್ಲಿ ಬಾಡಿಸಬೇಕು.

ಕಿಮ್ಚಿ_ಕಿಟ್ಟಿ
ಪೀಜಿಗೆ ಕಿಮ್ಚಿ, ಕೊರಿಯಾದವರ ಹುಳಿ ಬರಿಸಿದ ತರಕಾರಿ! ಬೆಂಕಿಯೇ ಇಲ್ಲ. ಎಲೆಕೋಸು, ಮೂಲಂಗಿ ಹೆಚ್ಚಿ, ಅದರ ತೂಕದ ಶೇಕಡಾ 2ರಷ್ಟು ಉಪ್ಪು ಹಾಕಿ ಚೆನ್ನಾಗಿ ಹಿಸುಕಿ, ಬೆಳ್ಳುಳ್ಳಿ ಶುಂಠಿ ಜಜ್ಜಿ ಹಾಕಿ. ಕೊರಿಯಾದ ಮೆಣಸಿನಪುಡಿ ದುಬಾರಿ. ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ತರಿತರಿ ಪುಡಿ ಮಾಡಿದರೆ ಬಣ್ಣವೂ ಅದೇ, ಖಾರವೂ ಹದ. ಬಾಟಲಿ ಬಾಯಿವರೆಗೆ ತುಂಬಬೇಡಿ. ಒತ್ತಿ, ತರಕಾರಿ ತನ್ನ ನೀರಿನೊಳಗೆ ಮುಳುಗಿರಬೇಕು. ಬೆಂಗಳೂರಿನ ಹವೆಗೆ ಎರಡು ಮೂರು ದಿನ ಹೊರಗೆ ಸಾಕು, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ, ಆಮೇಲೆ ಫ್ರಿಜ್ಜು. ಎಲೆಕೋಸು ಅರ್ಧ ಉಳಿಯುವ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪೀಜಿ_ಪ್ರಜೆ
ರೂಂಮೇಟ್ ನನ್ನನ್ನು ಹೊರಗೆ ಹಾಕ್ತಾನೆ

ಕಿಮ್ಚಿ_ಕಿಟ್ಟಿ
ಆಗ ನೀನೂ ಒಬ್ಬನೇ ಇರುವವರ ಪಟ್ಟಿಗೆ ಸೇರ್ತೀಯ, ಒಳ್ಳೇದೇ ಆಯ್ತು.

ಮ್ಯೂನಿಕ್_ಮಾದೇವ
ಜರ್ಮನಿಯಿಂದ. ಇಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿಸಿದರೆ ಹೊಗೆಯ ಅಲಾರಂ ಕೂಗುತ್ತೆ, ಅದೇ ಮೊದಲ ಸಾಹಸ. ಕಿಟಕಿ ತೆಗೆದು, ಅಡುಗೆಮನೆ ಬಾಗಿಲು ಹಾಕಿ, ಆಮೇಲೆ ಎಣ್ಣೆ ಕಾಯಿಸುವುದು ನನ್ನ ಕ್ರಮ.

ಪತ್ರೊಡೆ ತಿನ್ನಬೇಕು ಅನಿಸಿತ್ತು. ಕೆಸುವಿನ ಎಲೆ ಎಲ್ಲಿಂದ ತರಲಿ? ಇಲ್ಲಿ ಮಾಂಗೋಲ್ಡ್ ಅಂತ ಒಂದು ಸೊಪ್ಪು ಎಲ್ಲ ಅಂಗಡಿಯಲ್ಲೂ ಇರುತ್ತೆ, ಬೀಟ್‌ರೂಟ್ ಜಾತಿಯದ್ದು, ಅಗಲ ಎಲೆ. ದಪ್ಪ ದಂಟು ಕೆತ್ತಿ ತೆಗೆದು, ಅಕ್ಕಿ, ಹುಣಸೆ, ಬೆಲ್ಲ, ಮೆಣಸು, ಕೊತ್ತಂಬರಿ ಅರೆದ ಹಿಟ್ಟನ್ನು ಹಚ್ಚಿ, ಎಲೆಯ ಮೇಲೆ ಎಲೆ ಇಟ್ಟು ಸುತ್ತಿ ಹಬೆಯಲ್ಲಿ ಬೇಯಿಸಿದೆ. ಕೆಸುವಿನ ಆ ಮಣ್ಣುಮಣ್ಣು ರುಚಿ ಇಲ್ಲ, ಆದರೆ ತುಂಡು ಮಾಡಿ ಕಾವಲಿ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಹುರಿದಾಗ ಏನೂ ಕಡಿಮೆ ಅನಿಸಲಿಲ್ಲ. ತುರಿಸುವ ಭಯವೂ ಇಲ್ಲ. ಒಬ್ಬರಿಗೆ ಇದು ಬಹಳ ಅನುಕೂಲ, ಬೆಂದ ಸುರುಳಿ ಫ್ರಿಜ್ಜಿನಲ್ಲಿ ಇದ್ದರೆ ದಿನಾ ನಾಲ್ಕು ಬಿಲ್ಲೆ ಕತ್ತರಿಸಿ ಹುರಿದುಕೊಂಡರಾಯ್ತು.

ಕರಾವಳಿ_ಕಾಯಿ
ಪತ್ರೊಡೆ ಹೆಸರು ಹೇಳಿ ಬೀಟ್‌ರೂಟ್ ಸೊಪ್ಪಾ? ಇದನ್ನು ನಮ್ಮ ಅಜ್ಜಿಗೆ ಓದಿ ಹೇಳುವುದಿಲ್ಲ. ಹುಣಸೆಹುಳಿ ಸರಿಯಾಗಿ ಹಾಕಿ ಚೆನ್ನಾಗಿ ಬೇಯಿಸಿದರೆ ಕೆಸು ತುರಿಸುವುದಿಲ್ಲ ಮಾರಾಯ್ರೆ.

ಮ್ಯೂನಿಕ್_ಮಾದೇವ
ಎಲೆ ಕಳಿಸಿ ಅಕ್ಕ, ಅದರಲ್ಲೇ ಮಾಡ್ತೀನಿ.

ಹಾಸನದ_ಹಿಟ್ಟು
ನನ್ನದು ಬೇರೆ ಹುಚ್ಚು. ಇಥಿಯೋಪಿಯಾದಲ್ಲಿ ಇಂಜೆರಾ ಅಂತ ಮಾಡ್ತಾರೆ, ದೊಡ್ಡ ದೋಸೆ ಥರ, ಮೇಲೆಲ್ಲ ಕಣ್ಣು ಕಣ್ಣು. ಅದಕ್ಕೆ ತೆಫ್ ಅನ್ನುವ ಸಣ್ಣ ಧಾನ್ಯ. ಅದು ಇಲ್ಲಿ ನನಗೆ ಸಿಗಲ್ಲ. ರಾಗಿ ಹಿಟ್ಟಿನಲ್ಲಿ ಮಾಡೋಣ ಅಂತ ಶುರು ಮಾಡಿದೆ, ಎರಡೂ ಹತ್ತಿರದ ನೆಂಟರೇ ಅಲ್ವಾ. ಬರೀ ರಾಗಿ ಹಿಟ್ಟು, ನೀರು. ಎರಡು ಮೂರು ದಿನ ಹುಳಿ ಬರಲು ಬಿಡಬೇಕು. ಮೇಲೆ ನಿಂತ ನೀರು ಬಸಿದು, ಹಿಟ್ಟಿನಲ್ಲಿ ಒಂದು ಸೌಟು ತೆಗೆದು ನೀರು ಹಾಕಿ ಒಲೆಯ ಮೇಲೆ ತಿರುವಿ ಗಟ್ಟಿ ಅಂಬಲಿ ಮಾಡಿ, ಆರಿಸಿ, ಮತ್ತೆ ಅದೇ ಹಿಟ್ಟಿಗೆ ಸೇರಿಸಬೇಕು. ಇದು ಅವರದ್ದೇ ಕ್ರಮ. ಹಿಟ್ಟು ಹಿಡಿದುಕೊಳ್ಳೋಕೆ ಬೇರೇನೂ ಬೇಡ, ಈ ಅಂಬಲಿಯೇ ಅಂಟು. ನಮ್ಮೂರಲ್ಲಿ ದಿನಾ ಅಂಬಲಿ ಕಾಯಿಸುವವರಿಗೆ ಈ ಉಪಾಯ ಹೊಳೆಯಲೇ ಇಲ್ಲವಲ್ಲ ಅಂತ ನಗು ಬಂತು.

ಕಾವಲಿಗೆ ಹುಯ್ದು, ಕಣ್ಣು ಬಿದ್ದ ಮೇಲೆ ಮುಚ್ಚಳ ಮುಚ್ಚಿ, ಒಂದೇ ಕಡೆ ಬೇಯಿಸುವುದು. ತಿರುಗಿಸಲ್ಲ. ಜೊತೆಗೆ ಅವರ ಕೋಳಿ ಸಾರು. ಅದರಲ್ಲಿ ಈರುಳ್ಳಿಯನ್ನು ಎಣ್ಣೆ ಇಲ್ಲದೆ, ಸುಮ್ನೆ ಒಣ ಪಾತ್ರೆಯಲ್ಲಿ ಕರಗುವವರೆಗೆ ಬಾಡಿಸ್ತಾರೆ, ಮಸಾಲೆ ತುಪ್ಪ ಆಮೇಲೆ. ನಮ್ಮ ಯಾವ ಸಾರಿಗೂ ಹೀಗೆ ಮಾಡಿದ್ದು ನೋಡಿಲ್ಲ. ಖಾರಕ್ಕೆ ಬ್ಯಾಡಗಿ, ಮೆಂತ್ಯ, ಏಲಕ್ಕಿ, ಕೊತ್ತಂಬರಿ ಹುರಿದು ಪುಡಿ.

ಗಡಿಬಿಡಿ_ಗೌಡ
ಸುತ್ತಿ ಬಳಸಿ ಹೇಳಿದ್ದು ರಾಗಿ ದೋಸೆ, ಕೋಳಿ ಸಾರು ಅಲ್ವಾ ಗುರು?

ಹಾಸನದ_ಹಿಟ್ಟು
ಉದ್ದು ಎಲ್ಲಿದೆ ಗೌಡ್ರೇ? ಹುಳಿ ನಿಂಬೆಹಣ್ಣಿನ ಮಟ್ಟಕ್ಕೆ ಇರುತ್ತೆ. ತಿಂದು ನೋಡಿ ಆಮೇಲೆ ಮಾತಾಡಿ.

ಗಡಿಬಿಡಿ_ಗೌಡ
ಕರೀರಿ, ಬರ್ತೀನಿ. ಮುದ್ದೆ ಮಾಡಿಡಿ, ಸೇಫ್ಟಿಗೆ.

ಹಾಸನದ_ಹಿಟ್ಟು
ಒಬ್ಬರಿಗೆ ಮುದ್ದೆ ಮಾಡುವುದೇ ದೊಡ್ಡ ಸಾಹಸ. ಸಣ್ಣ ಪಾತ್ರೆ ಇಟ್ಟು ಕೋಲಲ್ಲಿ ತೊಳಸಿದರೆ ಪಾತ್ರೆಯೂ ಕೋಲಿನ ಜೊತೆ ತಿರುಗುತ್ತೆ. ಒಂದು ಕೈಲಿ ಇಕ್ಕಳ, ಒಂದು ಕೈಲಿ ಕೋಲು, ಸ್ಟೌ ಬೇರೆ ಜಾರುತ್ತೆ. ಎರಡು ಮುದ್ದೆಗಿಂತ ಕಡಿಮೆ ಮಾಡಲು ಹೋಗಲೇಬೇಡಿ. ನೀವು ಬಂದರೆ ಆ ಎರಡನೆಯದು ನಿಮಗೆ.

ಸುಮ್ನೆ_ಓದುಗ
ಇಷ್ಟು ಓದಿದ ಮೇಲೆ ಒಂದು ಅನುಮಾನ. ಮಾಡುವುದು ಖುಷಿ, ಸರಿ. ಕೂತು ಒಬ್ಬರೇ ತಿನ್ನುವಾಗ? ಚೆನ್ನಾಗಿದೆ ಅಂತ ಹೇಳೋಕೂ ಯಾರೂ ಇಲ್ಲ. ನನಗೆ ಆ ಹೊತ್ತಿಗೆ ಹುಮ್ಮಸ್ಸು ಇಳಿದುಹೋಗುತ್ತೆ, ಮೊಬೈಲ್ ನೋಡ್ತಾ ನುಂಗ್ತೀನಿ.

ಅಡಿಕೆತೋಟದಾಕೆ
ಯಾರೋ ಚೆನ್ನಾಗಿದೆ ಅನ್ನಲಿ ಅಂತ ಕಾದು ಕಾದು ನನಗೆ ಸಾಕಾಗಿದೆಯಪ್ಪ. ನಮ್ಮನೆಯಲ್ಲಿ ಚೆನ್ನಾಗಿದ್ದರೆ ಯಾರೂ ಮಾತಾಡುತ್ತಿರಲಿಲ್ಲ, ಉಪ್ಪು ಕಡಿಮೆಯಾದರೆ ಮಾತ್ರ ಮಾತು.

ಒಂಟಿಒಲೆ
ನನಗೆ ಉಲ್ಟಾ. ಕೆಟ್ಟದಾದರೂ ಯಾರೂ ಕೇಳಲ್ಲ ಅನ್ನುವುದೇ ಧೈರ್ಯ. ನಾಲ್ಕು ಜನ ತಟ್ಟೆ ಹಿಡಿದು ಕೂತಿದ್ದರೆ ನಾನು ಸುಣ್ಣ ಮುಟ್ಟುತ್ತಿರಲಿಲ್ಲ, ಚಿತ್ರಾನ್ನ ಕಲಸಿ ಮುಗಿಸುತ್ತಿದ್ದೆ. ಇನ್ನು ಕೂತು ತಿನ್ನುವ ವಿಷಯ, ಟೋರ್ಟಿಯಾ ಕಾವಲಿಯಿಂದ ಇಳಿದ ಕೂಡಲೇ ನಿಂತಲ್ಲೇ ತಿನ್ನುವುದು ರುಚಿ. ಬಡಿಸಿಕೊಂಡು ಕೂತರೆ ಆರಿಹೋಗುತ್ತೆ.

ಧಾರವಾಡದಾಕೆ
ನಿಂತು ಉಣ್ಣಬಾರದು ತಮ್ಮ.

ತಕ್ಕಡಿ_ತಿಮ್ಮ
ಉಳಿದದ್ದನ್ನು ಮುಗಿಸುವ ದಾರಿ ಬಗ್ಗೆ ಯಾರಾದರೂ ಹೇಳಿ. ನನ್ನದು: ರಾತ್ರಿ ಅನ್ನ ಉಳಿದರೆ ನೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ, ಈರುಳ್ಳಿ, ಹಸಿಮೆಣಸು. ತಂಗಳನ್ನ.

ಲ್ಯಾಬ್_ಹುಡುಗಿ
ಮತ್ತೆ ನಾನೇ, ಬೈಕೊಳ್ಳಬೇಡಿ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕ ಕುದಿಸಿದರೂ ಉಳಿಯುತ್ತೆ. ಅನ್ನ ಕುಕ್ಕರಿನಲ್ಲೇ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅದು ಬೆಳೆದು ವಿಷ ಮಾಡುತ್ತೆ, ಮರುದಿನ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಉಳಿಯುತ್ತೆ ಅಂತ ಗೊತ್ತಾದ ಕೂಡಲೇ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ.

ಹಳೇಪೇಟೆ
ನಮ್ಮ ತಾತ ತಂಗಳನ್ನ ತಿಂದು ತೊಂಬತ್ತು ದಾಟಿದರು ಮೇಡಂ.

ಲ್ಯಾಬ್_ಹುಡುಗಿ
ತಾತನಿಗೆ ನಮಸ್ಕಾರ. ನೀರು ಹಾಕಿ ಹುಳಿ ಬರಿಸಿದ ಅನ್ನದಲ್ಲಿ ಹುಳಿ ಕಾಪಾಡುತ್ತೆ, ಹಾಗಾಗಿ ಅದು ಸ್ವಲ್ಪ ಬೇರೆ ಲೆಕ್ಕ. ನಾನು ಹೇಳಿದ್ದು ರಾತ್ರಿಯಿಡೀ ಕುಕ್ಕರಿನಲ್ಲಿ ಮರೆತು ಬೆಳಗ್ಗೆ ಚಿತ್ರಾನ್ನ ಮಾಡುವವರಿಗೆ.

ಗಡಿಬಿಡಿ_ಗೌಡ
ನನ್ನ ಹೆಸರು ಹೇಳದೆ ಬೈದಿದ್ದಕ್ಕೆ ಧನ್ಯವಾದ.

ನಿವೃತ್ತ_ಮೇಷ್ಟ್ರು
ಉಳಿಸದೆ ಮುಗಿಸಲು ನನ್ನ ಕ್ರಮ ಇದು. ಎದುರು ಮನೆಯಲ್ಲಿ ಕಾಲೇಜು ಹುಡುಗರು ಇದ್ದಾರೆ. ನಾನು ಹಿತಕಿದ ಅವರೆಬೇಳೆ ಸಾರು ಮಾಡಿದರೆ ಒಂದು ಡಬ್ಬಿ ಅಲ್ಲಿಗೆ. ಅವರು ಡಬ್ಬಿ ಖಾಲಿ ವಾಪಸು ಕೊಡುವುದಿಲ್ಲ, ಒಮ್ಮೆ ನೂಡಲ್ಸ್ ತುಂಬಿ ಕೊಟ್ಟರು. ತಿಂದೆ. ಪರವಾಗಿಲ್ಲ.

ಹಳೇಪೇಟೆ
ಒಬ್ಬರೇ ಕೂತು ಅವರೆ ಹಿತಕಿದ್ರಾ ಮೇಷ್ಟ್ರೇ? ಅದನ್ನು ಸಾಹಸ ಅಂತೀನಿ. ಟೋರ್ಟಿಯಾ ಅಲ್ಲ.

ನಿವೃತ್ತ_ಮೇಷ್ಟ್ರು
ರಾತ್ರಿ ನೆನೆಹಾಕಿ, ಬೆಳಗ್ಗೆ ರೇಡಿಯೊ ಹಚ್ಚಿ ಕೂತರೆ ಆಗುತ್ತದೆ. ಬೆರಳಲ್ಲಿ ಒತ್ತಿದ ಕೂಡಲೇ ಬೇಳೆ ಹಾರಿ ಕುರ್ಚಿಯಡಿ ಹೋಗುತ್ತದೆ, ಅದನ್ನು ಹೆಕ್ಕುವುದೇ ಈ ವಯಸ್ಸಿಗೆ ವ್ಯಾಯಾಮ. ಚಳಿಗಾಲದಲ್ಲಿ ಗಾಂಧಿ ಬಜಾರಿನಲ್ಲಿ ಹಿತಕಿದ್ದೇ ಸಿಗುತ್ತದೆ. ಆದರೆ ಸೊಗಡು ಕಾಯಿ ನೋಡಿ ನೋಡಿ ಆರಿಸುವ ಸುಖ ಅದರಲ್ಲಿ ಇಲ್ಲ.

ಕಾಫಿತೋಟ
ತಡವಾಗಿ ಬಂದೆ. ಮಾಂಸ ತಿನ್ನುವವರು ಒಬ್ಬರೇ ಇದ್ದರೆ ನಮ್ಮ ಕೊಡಗಿನ ಪಂದಿ ಕರಿ ಮಾಡಿ. ನಾಲ್ಕು ಜನದ ಅಳತೆಗೇ ಮಾಡಿ, ತೊಂದರೆ ಇಲ್ಲ. ಮಾಡಿದ ದಿನಕ್ಕಿಂತ ಮರುದಿನ ರುಚಿ ಜಾಸ್ತಿ. ಫ್ರಿಜ್ಜಿನಲ್ಲಿಟ್ಟು ಬೇಕಾದಷ್ಟೇ ತೆಗೆದು ಬಿಸಿ ಮಾಡಿಕೊಂಡು ಎರಡು ಮೂರು ದಿನ ತಿನ್ನಿ, ಉಳಿದದ್ದು ಫ್ರೀಜರಿಗೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯವನ್ನು ಕಪ್ಪಾಗುವ ಹತ್ತಿರ ಬರುವವರೆಗೆ ಹುರಿದು ಪುಡಿ ಮಾಡಬೇಕು. ಕೆಂಪಗಾದಾಗ ಇಳಿಸಿದರೆ ಬೇರೇನೋ ಆಗುತ್ತೆ, ಪಂದಿ ಕರಿ ಆಗಲ್ಲ. ಕೊನೆಗೆ ಕಾಚಂಪುಳಿ, ಹುಳಿ ಹಣ್ಣಿನ ರಸ ಕಾಯಿಸಿ ಗಟ್ಟಿ ಮಾಡಿದ ನಮ್ಮ ಕಡೆಯ ಕಪ್ಪು ಹುಳಿ. ಅದಿಲ್ಲದೆ ಮಾಡಬೇಡಿ, ವಿನೆಗರ್ ಹಾಕಿ ಅದೇ ಅನ್ನಬೇಡಿ.

ಕಿಮ್ಚಿ_ಕಿಟ್ಟಿ
ಕಾಲು ಕೆಜಿ ಮಾಡಿದರೆ ಕಾಚಂಪುಳಿ ಎಷ್ಟು?

ಕಾಫಿತೋಟ
ಅರ್ಧ ಟೀ ಚಮಚದಿಂದ ಶುರು ಮಾಡಿ. ಕುದಿಸಿ ರುಚಿ ನೋಡಿ, ಬೇಕಾದರೆ ಇನ್ನೆರಡು ಹನಿ. ಜಾಸ್ತಿ ಬಿದ್ದರೆ ತೆಗೆಯೋಕೆ ಆಗಲ್ಲ.

ಅಡಿಕೆತೋಟದಾಕೆ
ನಮ್ಮಂಥ ಸೊಪ್ಪು ತಿನ್ನುವವರಿಗೆ ಅದರಲ್ಲಿ ಏನಾದರೂ ಆಗುತ್ತದೆಯೇ?

ಕಾಫಿತೋಟ
ಅಣಬೆಗೆ ಹಾಕಿ ಅಮ್ಮ, ಅದೇ ಹುರಿದ ಪುಡಿ, ಅದೇ ಹುಳಿ. ಆಲೂಗಡ್ಡೆಗೂ ಆಗುತ್ತೆ. ಮಡಿಕೇರಿ, ಕುಶಾಲನಗರ ಕಡೆ ಮಸಾಲೆ ಅಂಗಡಿಯಲ್ಲೆಲ್ಲ ಬಾಟಲಿ ಇಟ್ಟಿರ್ತಾರೆ. ತೆಳ್ಳಗಿನದ್ದೂ ಇರುತ್ತೆ, ನೋಡಿ ತಗೊಳ್ಳಿ. ಬಾಟಲಿ ಓರೆ ಮಾಡಿದರೆ ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಇಳಿಯಬೇಕು, ಬಣ್ಣ ಕಪ್ಪು ಇರಬೇಕು.

ಪೀಜಿ_ಪ್ರಜೆ
ಇದು ಬೆಂಕಿ ಇಲ್ಲದೆ ಆಗಲ್ಲ ಅಲ್ವಾ

ಕಾಫಿತೋಟ
ಮನೆ ಬದಲಿಸು ತಮ್ಮ.